ಬೆಟ್ಟದೊಳಗೆ ಹೂತುಹೋದ ದಾರಿ: ಬೇರೆ ಬೇರೆ ಬಗೆಯ 3ಡಿ ಚಿತ್ರಗಳನ್ನು ಸೇರಿಸುವಾಗ ಏನಾಗುತ್ತದೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಉಪನ್ಯಾಸಕಿ. ಎರಡು ಚರಗಳ ಫಂಕ್ಷನ್, ಗ್ರೇಡಿಯಂಟ್ (ಅತಿ ಕಡಿದಾದ ಏರಿನ ದಿಕ್ಕು), ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇವನ್ನೆಲ್ಲ ಪಾಠ ಮಾಡುವಾಗ ನಮ್ಮ ಮುಳ್ಳಯ್ಯನಗಿರಿಯನ್ನೇ ಉದಾಹರಣೆ ಮಾಡೋಣ ಎಂದುಕೊಂಡೆ. ಬಾಹ್ಯಾಕಾಶದಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ಡೇಟಾ ಇಳಿಸಿಕೊಂಡು, ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಸುಮಾರು 6 ಕಿಲೋಮೀಟರ್ ಅಗಲ, 6 ಕಿಲೋಮೀಟರ್ ಉದ್ದದ ಮೇಲ್ಮೈ ಬಿಡಿಸಿದೆ. ಚೆನ್ನಾಗಿ ಬಂತು. ಆಮೇಲೆ ಮೂರು ವಿಷಯ ಸೇರಿಸಲು ಹೋದೆ. ಸರ್ಪದಾರಿಯಿಂದ ತುದಿವರೆಗೆ ನಡೆದಾಗ ಫೋನಿನಲ್ಲಿ ದಾಖಲಾದ ದಾರಿ ಒಂದು ಗೆರೆಯಾಗಿ, ಸುತ್ತಲಿನ ಎಸ್ಟೇಟುಗಳ ಮಳೆಮಾಪಕಗಳು ಚುಕ್ಕೆಗಳಾಗಿ, ತಳದಲ್ಲಿ ಕಾಂಟೂರ್ ಗೆರೆಗಳು. ದಾರಿ ಪೂರ್ತಿ ಮಾಯವಾಯಿತು. ಯಾವುದನ್ನು ಮೇಲೆ ಬಿಡಿಸಬೇಕು ಎಂದು ಹೇಳುವ ಸಂಖ್ಯೆ ಜೆಡ್‌ಆರ್ಡರ್, ಅದನ್ನು ಜಾಸ್ತಿ ಮಾಡಿದರೆ ಬೆಟ್ಟದ ಹಿಂದೆ ಮರೆಯಾಗಬೇಕಾದ ತಿರುವುಗಳೂ ಮುಂದೆ ಬಂದು ಕೂರುತ್ತವೆ. ಚುಕ್ಕೆಗಳಲ್ಲಿ ಕೆಲವು ಮಸುಕಾಗಿವೆ. ಬ್ರೌಸರಿನಲ್ಲಿ 3ಡಿ ಚಿತ್ರ ತೋರಿಸುವ ಪ್ಲಾಟ್ಲಿಯಲ್ಲಿ ಪ್ರಯತ್ನಿಸಿದೆ. ಅಲ್ಲೂ ದಾರಿ ಇಲ್ಲ. ಚಿತ್ರ ತಿರುಗಿಸಿ ಕೆಳಗಿನಿಂದ ನೋಡಿದರೆ ಮಾತ್ರ ಕಾಣುತ್ತದೆ. ಸಹೋದ್ಯೋಗಿಯೊಬ್ಬರ ಮ್ಯಾಥಮ್ಯಾಟಿಕಾದಲ್ಲಿ ಸೇರಿಸಿದರೆ ಬೆಟ್ಟದ ಆಕಾರವೇ ಬೇರೆ, ಕಾಂಟೂರ್ ಚಿತ್ರ ಸೇರಲೇ ಇಲ್ಲ. "ಬೇರೆ ಬೇರೆ ಬಗೆಯ 3ಡಿ ಚಿತ್ರ ಸೇರಿಸಲು ಆಗಲ್ಲ" ಎಂದರು ಒಬ್ಬರು. "ಮ್ಯಾಟ್‌ಲ್ಯಾಬ್ ತಗೊಳ್ಳಿ" ಎಂದರು ಇನ್ನೊಬ್ಬರು. "ಗ್ರಾಫಿಕ್ಸ್ ಕಾರ್ಡ್ ಇಲ್ಲ, ಅದಕ್ಕೇ" ಎಂಬುದು ಮತ್ತೊಬ್ಬರ ಮಾತು. "ಮೇಲ್ಮೈ ಪಾರದರ್ಶಕ ಮಾಡಿಬಿಡಿ" ಎಂದು ವಿದ್ಯಾರ್ಥಿಯೊಬ್ಬ ಹೇಳಿದ. ಯಾವುದು ಸರಿ? ನಮ್ಮ ಲ್ಯಾಬಿನ ಹಳೇ ಕಂಪ್ಯೂಟರುಗಳಲ್ಲಿ ಆಗುವಂಥದ್ದು ಹೇಳಿ.

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ತುಂಬ ಮುಖ್ಯ. ಪ್ಲಾಟ್ಲಿಯಲ್ಲಿ ಕೆಳಗಿನಿಂದ ನೋಡಿದರೆ ದಾರಿ ಕಾಣುತ್ತದೆ ಅಂದಿರಿ. ಅದನ್ನು ಬರೆದಿದ್ದು ಒಳ್ಳೆಯದಾಯಿತು. ದಾರಿ ಎರಡೂ ಕಡೆ ಮಾಯವಾಗಿದೆ, ಆದರೆ ಎರಡಕ್ಕೂ ಕಾರಣ ಬೇರೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ತೊಂದರೆ ಇರುವುದು ಬಿಡಿಸುವ ಕ್ರಮದಲ್ಲಿ. ಪ್ಲಾಟ್ಲಿ ಸರಿಯಾಗೇ ಬಿಡಿಸಿದೆ. ನೀವು ಕೊಟ್ಟ ಅಂಕಿಗಳ ಪ್ರಕಾರ ನಿಮ್ಮ ದಾರಿ ನೆಲದ ಕೆಳಗೇ ಇದೆ! ಹಾಗಾಗಿ ಸಾಫ್ಟ್‌ವೇರ್ ಬದಲಾಯಿಸಿದ್ದರಿಂದ ಒಂದು ತೊಂದರೆ ಹೋಯಿತು, ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಬಂತು. ಎರಡನ್ನೂ ಬೇರೆ ಬೇರೆ ನೋಡೋಣ.

ಮೊದಲು ಆ ನಾಲ್ಕು ಮಾತುಗಳು. ಬೇರೆ ಬಗೆಯ ಚಿತ್ರ ಸೇರಿಸಲು ಆಗಲ್ಲ ಎನ್ನುವುದು ನಿಜವಲ್ಲ. ನೀವು ಮೇಲ್ಮೈ ಅನ್ನಿ, ಪ್ಯಾರಾಮೆಟ್ರಿಕ್ ವಕ್ರರೇಖೆ ಅನ್ನಿ, ಚುಕ್ಕೆಗಳು ಅನ್ನಿ, ಪರದೆಗೆ ಹೋಗುವ ಹೊತ್ತಿಗೆ ಎಲ್ಲವೂ ಸಣ್ಣ ಸಣ್ಣ ಚಪ್ಪಟೆ ತುಂಡು, ಗೆರೆಯ ತುಂಡು, ಬಿಂದು ಅಷ್ಟೇ. ಮುಖ್ಯ ಗಣಿತ ಸಾಫ್ಟ್‌ವೇರುಗಳಲ್ಲೆಲ್ಲ ಸೇರಿಸುವ ಆಜ್ಞೆ ಇದೆ. ಮ್ಯಾಟ್‌ಲ್ಯಾಬ್ ಮತ್ತು ಆಕ್ಟೇವ್‌ನಲ್ಲಿ 'ಹೋಲ್ಡ್ ಆನ್', ಮ್ಯಾಥಮ್ಯಾಟಿಕಾದಲ್ಲಿ 'ಶೋ', ಮೇಪಲ್‌ನಲ್ಲಿ 'ಡಿಸ್‌ಪ್ಲೇ', ಸೇಜ್‌ನಲ್ಲಿ ಸುಮ್ನೆ ಕೂಡಿಸುವ ಚಿಹ್ನೆ. ಮ್ಯಾಕ್ಸಿಮಾದಲ್ಲಂತೂ 'ಡ್ರಾ3ಡಿ' ಎಂಬ ಒಂದೇ ಆಜ್ಞೆಯೊಳಗೆ ಮೇಲ್ಮೈ, ವಕ್ರರೇಖೆ, ಚುಕ್ಕೆ ಎಲ್ಲ ಬರೆಯಬಹುದು. ನಿಜಕ್ಕೂ ನೇರವಾಗಿ ಸೇರದೇ ಇರುವುದು ಒಂದೇ: ಎರಡು ಆಯಾಮದ ಚಿತ್ರ ಮತ್ತು ಮೂರು ಆಯಾಮದ ಚಿತ್ರ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಗ್ರಾಫಿಕ್ಸ್ ಕಾರ್ಡಿನ ಮಾತು ನಿಮ್ಮ ವಿಷಯದಲ್ಲಿ ಪೂರ್ತಿ ತಪ್ಪು. ಮ್ಯಾಟ್‌ಪ್ಲಾಟ್‌ಲಿಬ್ 3ಡಿ ಚಿತ್ರ ಬಿಡಿಸಲು ಗ್ರಾಫಿಕ್ಸ್ ಕಾರ್ಡನ್ನು ಬಳಸುವುದೇ ಇಲ್ಲ. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ನಿಮ್ಮ ದಾರಿ ಹೀಗೇ ಮಾಯವಾಗುತ್ತದೆ. ಮ್ಯಾಟ್‌ಲ್ಯಾಬ್ ಕೊಂಡರೆ ಬಿಡಿಸುವ ಕ್ರಮದ ತೊಂದರೆ ಹೋಗುತ್ತದೆ, ಹೌದು. ಆದರೆ ಉಚಿತವಾಗಿ ಸಿಗುವ ಆಕ್ಟೇವ್, ಪ್ಲಾಟ್ಲಿ, ಪೈಥಾನ್‌ನ ಇನ್ನೊಂದು 3ಡಿ ಸಾಧನವಾದ ಪೈವಿಸ್ಟಾದಲ್ಲೂ ಅದು ಹೋಗುತ್ತದೆ. ನೆಲದ ಕೆಳಗಿರುವ ದಾರಿಯನ್ನು ಇವುಗಳಲ್ಲಿ ಯಾವುದೂ ಮೇಲೆ ಎತ್ತಿ ಕೊಡುವುದಿಲ್ಲ.

ಬಿಡಿಸುವ ಕ್ರಮದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ತೀರ್ಮಾನಿಸಲು ಕಂಪ್ಯೂಟರಿಗೆ ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದು ಚಿತ್ರಕಾರನ ವಿಧಾನ. ಚಿತ್ರ ಬರೆಯುವವರು ಮೊದಲು ದೂರದ ಬೆಟ್ಟ, ಅದರ ಮೇಲೆ ಹತ್ತಿರದ ಮರ, ಅದರ ಮೇಲೆ ಮನೆ ಬಳಿಯುತ್ತಾರಲ್ಲ, ಹಾಗೆ ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಇನ್ನೊಂದು ಆಳದ ಲೆಕ್ಕ. ಪರದೆಯ ಒಂದೊಂದು ಬಿಂದುವಿಗೂ "ಇಲ್ಲಿ ಈಗ ಕಾಣುತ್ತಿರುವುದು ಎಷ್ಟು ದೂರದಲ್ಲಿದೆ" ಎಂದು ಒಂದು ಸಂಖ್ಯೆ ಬರೆದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಹತ್ತಿರದ್ದು ಬಂದರೆ ಮಾತ್ರ ಬಣ್ಣ ಬದಲಾಯಿಸುತ್ತದೆ. ಎಡ್ವಿನ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರು. ಇವತ್ತು ನಿಮ್ಮ ಫೋನಿನ ಆಟಗಳಿಂದ ಹಿಡಿದು ಪ್ಲಾಟ್ಲಿವರೆಗೆ ಎಲ್ಲ ಇದರ ಮೇಲೇ ನಿಂತಿವೆ.

ಮ್ಯಾಟ್‌ಪ್ಲಾಟ್‌ಲಿಬ್ ಮೂಲದಲ್ಲಿ ಎರಡು ಆಯಾಮದ ಸಾಧನ. 3ಡಿ ಎಂಬುದು ಅದರ ಮೇಲೆ ಆಮೇಲೆ ಕಟ್ಟಿದ್ದು. ಅದು ಬಳಸುವುದು ಚಿತ್ರಕಾರನ ವಿಧಾನ, ಅದೂ ಒರಟಾಗಿ. ಮೇಲ್ಮೈಯ ಒಳಗಿನ ತುಂಡುಗಳನ್ನು ತಮ್ಮತಮ್ಮಲ್ಲಿ ದೂರದ ಪ್ರಕಾರ ಜೋಡಿಸುತ್ತದೆ. ಆದರೆ ಮೇಲ್ಮೈ ಮತ್ತು ದಾರಿ ಎಂಬ ಎರಡು ವಸ್ತುಗಳ ನಡುವೆ ಒಂದೇ ತೀರ್ಮಾನ: ಇಡೀ ಮೇಲ್ಮೈ ಮೊದಲೋ, ಇಡೀ ದಾರಿ ಮೊದಲೋ. ಆದ್ದರಿಂದ ದಾರಿ ಒಂದೋ ಪೂರ್ತಿ ಹಿಂದೆ, ಇಲ್ಲವೇ ಪೂರ್ತಿ ಮುಂದೆ. ಅರ್ಧ ಹಿಂದೆ, ಅರ್ಧ ಮುಂದೆ ಎನ್ನುವುದು ಅದಕ್ಕೆ ಗೊತ್ತಿಲ್ಲ. ಜೆಡ್‌ಆರ್ಡರ್ ಬದಲಾಯಿಸಿದಾಗ ನಿಮಗೆ ಕಂಡಿದ್ದು ಇದೇ.

ನಾನು ಹಾಸನದಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಊರಿನ ಎಂಸಿಎಫ್ ಅನ್ನೇ ಉದಾಹರಣೆ ತೆಗೆದುಕೊಳ್ಳುತ್ತೇನೆ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಆ ಕೇಂದ್ರ 1982ರಿಂದ ಇಲ್ಲಿದೆ. ಭೂಮಿಯನ್ನು ಒಂದು ಗೋಳವಾಗಿ ಬಿಡಿಸಿ, ಉಪಗ್ರಹದ ಕಕ್ಷೆಯನ್ನು ಅದರ ಸುತ್ತ ಉಂಗುರವಾಗಿ ಸೇರಿಸಿ ಎನ್ನುತ್ತೇನೆ. ಗೋಳದ ತ್ರಿಜ್ಯ 6,378 ಕಿಲೋಮೀಟರ್, ಉಂಗುರದ್ದು 42,164. ಉಂಗುರದ ಮಟ್ಟದಿಂದ ತುಸುವೇ ಮೇಲಿನಿಂದ ಓರೆಯಾಗಿ ನೋಡಿದರೆ ಉಂಗುರದ ಒಂದು ಭಾಗ ಭೂಮಿಯ ಹಿಂದೆ ಹೋಗಬೇಕು, ಎದುರಿನ ಭಾಗ ಭೂಮಿಯ ಮುಂದೆ ಹಾದುಹೋಗಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಹಾಗೆ ಆಗುವುದಿಲ್ಲ. ಎರಡರ ಕೇಂದ್ರವೂ ಒಂದೇ, ಹಾಗಾಗಿ ಇಡೀ ವಸ್ತುವನ್ನು ಹಿಡಿದು "ಯಾವುದು ದೂರ" ಎಂದು ಕೇಳುವುದಕ್ಕೆ ಅರ್ಥವೇ ಇಲ್ಲ. ಇಲ್ಲಿ ಪರಿಹಾರ ಸುಲಭ. ಉಂಗುರವನ್ನು ಹಿಂದಿನ ಅರ್ಧ, ಮುಂದಿನ ಅರ್ಧ ಎಂದು ಎರಡು ತುಂಡು ಮಾಡಿ. ಕ್ರಮವನ್ನು ಮ್ಯಾಟ್‌ಪ್ಲಾಟ್‌ಲಿಬ್ ತಾನೇ ತೀರ್ಮಾನಿಸುವ 'ಕಂಪ್ಯೂಟೆಡ್ ಜೆಡ್‌ಆರ್ಡರ್' ಎಂಬುದನ್ನು ಫಾಲ್ಸ್ ಮಾಡಿ. ಇದು 3.4ನೇ ಆವೃತ್ತಿಯಿಂದ ಇದೆ. ಆಮೇಲೆ ಹಿಂದಿನ ತುಂಡು, ಗೋಳ, ಮುಂದಿನ ತುಂಡು ಎಂಬ ಕ್ರಮದಲ್ಲಿ ನೀವೇ ಜೆಡ್‌ಆರ್ಡರ್ ಕೊಡಿ.

ನಿಮ್ಮ ಬೆಟ್ಟದ ದಾರಿಗೂ ಇದೇ ಉಪಾಯ ನಡೆಯುತ್ತದೆ, ಕೆಲಸ ಮಾತ್ರ ಜಾಸ್ತಿ. ಅದಕ್ಕೆ ಮುಂದೆ ಬರೋಣ. ಮೊದಲು ನೆಲದ ಕೆಳಗಿನ ದಾರಿ.

ಎತ್ತರ ಎಂದರೆ ಯಾವುದರಿಂದ ಎತ್ತರ? ಎಲ್ಲ ಗೊಂದಲ ಇಲ್ಲೇ. ಎಸ್‌ಆರ್‌ಟಿಎಂ ಡೇಟಾ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯಿಂದ ರಾಡಾರ್ ಮೂಲಕ ಅಳೆದದ್ದು. ಅದರ ಎತ್ತರ ಜಿಯಾಯ್ಡ್‌ನಿಂದ, ಅಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದಿಂದ. ಆದರೆ ಜಿಪಿಎಸ್ ನೇರವಾಗಿ ಲೆಕ್ಕ ಹಾಕುವುದು ಎಲಿಪ್ಸಾಯ್ಡ್‌ನಿಂದ. ಅದು ಭೂಮಿಗೆ ಹೊಂದುವಂತೆ ಕಲ್ಪಿಸಿಕೊಂಡ ಒಂದು ನುಣುಪು ಗಣಿತದ ಆಕಾರ. ಪ್ರಪಂಚದ ಎಷ್ಟೋ ಕಡೆ ಇವೆರಡರ ನಡುವಿನ ವ್ಯತ್ಯಾಸ ಹತ್ತಿಪ್ಪತ್ತು ಮೀಟರ್ ಇದ್ದೀತು. ನಮ್ಮ ಕಡೆ ಹಾಗಲ್ಲ. ಇಡೀ ಭೂಮಿಯಲ್ಲಿ ಜಿಯಾಯ್ಡ್ ಅತಿ ತಗ್ಗಾಗಿರುವುದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಎಲಿಪ್ಸಾಯ್ಡ್‌ಗಿಂತ ಸುಮಾರು 106 ಮೀಟರ್ ಕೆಳಗೆ. ದಕ್ಷಿಣ ಭಾರತ ಆ ತಗ್ಗಿನ ಅಂಚಿನಲ್ಲೇ ಇದೆ. ಮಲೆನಾಡಿನಲ್ಲೂ ವ್ಯತ್ಯಾಸ 80 ಮೀಟರಿಗಿಂತ ಜಾಸ್ತಿ. ಆಂಡ್ರಾಯ್ಡ್ ಫೋನುಗಳಲ್ಲಿ ಲೊಕೇಶನ್ ಜೊತೆ ಬರುವ ಮೂಲ ಎತ್ತರ ಎಲಿಪ್ಸಾಯ್ಡ್‌ನದು. ಕೆಲವು ಆ್ಯಪ್‌ಗಳು ಅದನ್ನು ತಿದ್ದಿ ಬರೆಯುತ್ತವೆ, ಕೆಲವು ಹಾಗೇ ಬರೆದುಬಿಡುತ್ತವೆ. ತಿದ್ದದ ಆ್ಯಪ್‌ನಲ್ಲಿ ದಾಖಲಾದ ದಾರಿ ಎಸ್‌ಆರ್‌ಟಿಎಂ ಬೆಟ್ಟದ ಒಳಗೆ ಎಂಬತ್ತು ಚಿಲ್ಲರೆ ಮೀಟರ್ ಆಳದಲ್ಲಿ ಕೂರುತ್ತದೆ. ಕೆಳಗಿನಿಂದ ನೋಡಿದಾಗ ನಿಮಗೆ ಕಂಡಿದ್ದು ಬಹುತೇಕ ಇದೇ.

ಬಹುತೇಕ ಎಂದೆ, ಏಕೆಂದರೆ ನಿಮ್ಮ ಕಡತ ನಾನು ನೋಡಿಲ್ಲ. ಪರೀಕ್ಷೆ ಮಾಡುವುದು ಸುಲಭ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್ ಎಂದು ಎಲ್ಲರಿಗೂ ಗೊತ್ತು. ಫೋನ್ ದಾರಿಯನ್ನು ಬರೆದಿಟ್ಟ ನಿಮ್ಮ ಜಿಪಿಎಕ್ಸ್ ಕಡತದಲ್ಲಿ ತುದಿಯ ದೇವಸ್ಥಾನದ ಹತ್ತಿರದ ಬಿಂದುವಿನ ಎತ್ತರ ನೋಡಿ. ಅಲ್ಲಿ 1,840ರ ಆಸುಪಾಸು ಇದ್ದರೆ ಅನುಮಾನವೇ ಬೇಡ, ಎಲಿಪ್ಸಾಯ್ಡ್ ಎತ್ತರ. ಇನ್ನೂ ಗಟ್ಟಿಯಾಗಿ ತಿಳಿಯಬೇಕಾದರೆ ದಾರಿಯ ಪ್ರತಿ ಬಿಂದುವಿನ ಕೆಳಗೆ ಮೇಲ್ಮೈಯ ಎತ್ತರ ಎಷ್ಟು ಎಂದು ಇಂಟರ್‌ಪೊಲೇಟ್ ಮಾಡಿ, ಅಂದರೆ ಸುತ್ತಲಿನ ಬಿಂದುಗಳಿಂದ ಅಂದಾಜಿಸಿ, ತೆಗೆಯಿರಿ. ಪೈಥಾನ್‌ನ ಸೈಪೈನಲ್ಲಿ 'ರೆಗ್ಯುಲರ್ ಗ್ರಿಡ್ ಇಂಟರ್‌ಪೊಲೇಟರ್' ಇದೆ. ಫೋನಿನ ಎತ್ತರದಿಂದ ಅದನ್ನು ಕಳೆದು ಒಂದು ಕಾಲಂ ಮಾಡಿ. ಆ ಕಾಲಂ ಎಲ್ಲ ಹೇಳುತ್ತದೆ.

ವ್ಯತ್ಯಾಸ ದಾರಿಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಇದ್ದು, ಮೈನಸ್ ಎಂಬತ್ತು ಚಿಲ್ಲರೆ ಇದ್ದರೆ ಜಿಯಾಯ್ಡ್‌ನ ವಿಷಯ. ಆರು ಕಿಲೋಮೀಟರಿನೊಳಗೆ ಜಿಯಾಯ್ಡ್ ಬದಲಾಗುವುದು ನಿಮ್ಮ ಚಿತ್ರದಲ್ಲಿ ಕಾಣುವಷ್ಟಲ್ಲ. ಒಂದೇ ಸಂಖ್ಯೆ ಕೂಡಿಸಿದರೆ ಸಾಕು. ಆ ಸಂಖ್ಯೆಯನ್ನು ಊಹಿಸಬೇಡಿ. ನಿಮ್ಮ ಅಕ್ಷಾಂಶ ರೇಖಾಂಶಕ್ಕೆ ಇಜಿಎಂ96 ಎಂಬ ಜಿಯಾಯ್ಡ್ ಮಾದರಿಯ ಬೆಲೆ ಎಷ್ಟು ಎಂದು ತೆಗೆದುಕೊಳ್ಳಿ, ಎಸ್‌ಆರ್‌ಟಿಎಂ ಬಳಸಿರುವುದು ಅದನ್ನೇ. ಆ ಬೆಲೆ ನಮ್ಮ ಕಡೆ ಮೈನಸ್‌ನಲ್ಲಿರುತ್ತದೆ, ಮೈನಸ್ ಚಿಹ್ನೆ ಬಿಟ್ಟು ಕೂಡಿಸಿ. ಆ್ಯಪ್ ಮೊದಲೇ ತಿದ್ದಿದ್ದರೆ ಮತ್ತೆ ಕೂಡಿಸಬೇಡಿ, ದಾರಿ ಗಾಳಿಯಲ್ಲಿ ತೇಲುತ್ತದೆ.

ವ್ಯತ್ಯಾಸ ಎಲ್ಲೆಂದರಲ್ಲಿ ಏರಿಳಿದರೆ, ಒಂದು ಕಡೆ ಮೈನಸ್ ಇನ್ನೂರು, ಇನ್ನೊಂದು ಕಡೆ ಪ್ಲಸ್ ಮುನ್ನೂರು ಇದ್ದರೆ ಕಾರಣ ಬೇರೆ. ಎಸ್‌ಆರ್‌ಟಿಎಂ ಕಡತದಲ್ಲಿ ಮೊದಲ ಸಾಲು ಉತ್ತರದ್ದು. ನಿಮ್ಮ ವೈ ಅಕ್ಷ ದಕ್ಷಿಣದಿಂದ ಶುರುವಾಗಿದ್ದರೆ ಇಡೀ ಬೆಟ್ಟ ಉತ್ತರ ದಕ್ಷಿಣ ತಿರುಗಿ ಕೂತಿರುತ್ತದೆ. ಬೆಟ್ಟದ ಚಿತ್ರ ಒಂದೇ ಇದ್ದಾಗ ಇದು ಗೊತ್ತೇ ಆಗುವುದಿಲ್ಲ, ನೋಡಲು ಚೆನ್ನಾಗೇ ಇರುತ್ತದೆ. ಇನ್ನೊಂದು ವಸ್ತು ಸೇರಿಸಿದಾಗಲೇ ಸಿಕ್ಕಿಬೀಳುವುದು. ಚಿತ್ರಗಳನ್ನು ಸೇರಿಸುವುದರಿಂದ ನನಗೆ ಕಾಣುವ ದೊಡ್ಡ ಲಾಭ ಇದೇ: ಒಂದು ಡೇಟಾ ಇನ್ನೊಂದರ ತಪ್ಪನ್ನು ಹಿಡಿಯುತ್ತದೆ. ಇದನ್ನು ನೋಡಲು 3ಡಿ ಬೇಕಾಗಿಲ್ಲ. ಮೇಲಿನಿಂದ ನೋಡಿದ ಹಾಗೆ ಬರೀ ಕಾಂಟೂರ್ ಗೆರೆ, ಅದರ ಮೇಲೆ ದಾರಿ ಬಿಡಿಸಿ. ದಾರಿಯ ಕೊನೆ ತುದಿಯ ಮೇಲೇ ಬಿದ್ದಿದೆಯಾ ನೋಡಿ. ಅದು ಸರಿ ಹೋಗುವವರೆಗೆ 3ಡಿ ಕಡೆ ಹೋಗಬೇಡಿ.

ವ್ಯತ್ಯಾಸ ಐದು, ಹತ್ತು, ಹದಿನೈದು ಮೀಟರ್ ಅಂತ ಚಿಕ್ಕದಾಗಿ ಆಡುತ್ತಿದ್ದರೆ ಅದು ಸಹಜ. ಫೋನಿನ ಎತ್ತರದಲ್ಲಿ ಅಷ್ಟು ದೋಷ ಇದ್ದೇ ಇರುತ್ತದೆ. ಎಸ್‌ಆರ್‌ಟಿಎಂ ರಾಡಾರ್ ದಟ್ಟ ಮರಗಳ ಕೆಳಗಿನ ನೆಲವನ್ನು ಪೂರ್ತಿ ಮುಟ್ಟುವುದಿಲ್ಲ ಎಂಬುದೂ ನೆನಪಿರಲಿ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳಿರುವ ಕೆಳಗಿನ ಇಳಿಜಾರಿನಲ್ಲಿ ಅದು ತೋರಿಸುವ ಮೇಲ್ಮೈ ನೆಲಕ್ಕಿಂತ ಎತ್ತರ ಇರಬಹುದು. ಮೇಲಿನ ಹುಲ್ಲುಗಾವಲಿನಲ್ಲಿ ಆ ತೊಂದರೆ ಇಲ್ಲ. ಹಾಗಾಗಿ ಕೆಳಗೆ ಸ್ವಲ್ಪ ಮುಳುಗಿ, ಮೇಲೆ ಹೋದ ಹಾಗೆ ಸರಿಯಾಗುವ ದಾರಿ ಕಂಡರೆ ಗಾಬರಿ ಬೇಡ.

ಇನ್ನೊಂದು ಕಾರಣವೂ ಇದೆ, ಇದು ಮ್ಯಾಟ್‌ಪ್ಲಾಟ್‌ಲಿಬ್‌ನದೇ. ನೀವು ಕೊಟ್ಟ ಡೇಟಾದಲ್ಲಿ ಪ್ರತಿ 30 ಮೀಟರಿಗೊಂದು ಬಿಂದು, ಅಂದರೆ ಪ್ರತಿ ದಿಕ್ಕಿಗೆ ಸುಮಾರು 200. ಆದರೆ 'ಪ್ಲಾಟ್ ಸರ್ಫೇಸ್' ಆಜ್ಞೆ ತಾನಾಗೇ ಪ್ರತಿ ದಿಕ್ಕಿಗೆ 50 ಬಿಂದುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನಿಮಗೆ ಹೇಳುವುದೂ ಇಲ್ಲ. ಪರದೆಯ ಮೇಲಿರುವುದು 120 ಮೀಟರಿಗೊಂದು ಬಿಂದುವಿನ ಒರಟು ಬೆಟ್ಟ. ಸಣ್ಣ ಏಣು, ಕೊರಕಲು ಎಲ್ಲ ಹೋಗಿರುತ್ತದೆ. 'ಆರ್‌ಕೌಂಟ್', 'ಸಿಕೌಂಟ್' ಎರಡನ್ನೂ 200 ಮಾಡಿ. ಬಿಡಿಸುವುದು ನಿಧಾನವಾಗುತ್ತದೆ, ಹಳೇ ಕಂಪ್ಯೂಟರಿನಲ್ಲಿ ಚಿತ್ರ ತಿರುಗಿಸುವುದು ಕಷ್ಟವಾಗುತ್ತದೆ. ಆದರೂ ದಾರಿ ಸೇರಿಸುವುದಾದರೆ ಇದು ಬೇಕು.

ಈಗ ಆಕಾರದ ವಿಷಯ. ಗಣಿತ ಮೇಷ್ಟರಿಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಪೆಟ್ಟಿಗೆಯ ಅಗಲ 6,000 ಮೀಟರ್, ಎತ್ತರದ ವ್ಯತ್ಯಾಸ ಸುಮಾರು 930 ಮೀಟರ್ ಎಂದುಕೊಳ್ಳೋಣ. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗೇ 4:4:3 ಪ್ರಮಾಣದ ಪೆಟ್ಟಿಗೆ ತೆಗೆದುಕೊಳ್ಳುತ್ತದೆ. ಅಂದರೆ ಎತ್ತರ ಸುಮಾರು 4.8 ಪಟ್ಟು ಹಿಗ್ಗಿದೆ. ಮ್ಯಾಥಮ್ಯಾಟಿಕಾದ ಮೇಲ್ಮೈ ಚಿತ್ರಗಳ ಪೆಟ್ಟಿಗೆ 1:1:0.4. ಅಲ್ಲಿ ಎತ್ತರ ಸುಮಾರು 2.6 ಪಟ್ಟು ಹಿಗ್ಗುತ್ತದೆ. ಒಂದೇ ಬೆಟ್ಟ, ಎರಡು ಆಕಾರ. ನಿಮಗೆ ಕಂಡಿದ್ದು ಇದೇ. ಎರಡೂ ನಿಜವಾದ ಆಕಾರ ಅಲ್ಲ. ನಿಜ ಪ್ರಮಾಣದಲ್ಲಿ ಬಿಡಿಸಿದರೆ ಬೆಟ್ಟ ಎಷ್ಟು ಚಪ್ಪಟೆಯಾಗಿ ಕಾಣುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಹಿಗ್ಗಿಸುವುದು ತಪ್ಪೇನಲ್ಲ, ಎಷ್ಟು ಪಟ್ಟು ಎಂದು ಚಿತ್ರದ ಕೆಳಗೆ ಬರೆಯಿರಿ ಅಷ್ಟೇ.

ಆದರೆ ನೀವು ಗ್ರೇಡಿಯಂಟ್ ಪಾಠ ಮಾಡುತ್ತಿದ್ದೀರಿ. ಮೇಲ್ಮೈಗೆ ಲಂಬವಾದ ಬಾಣಗಳನ್ನು ಸೇರಿಸುವ ಆಸೆ ಬಂದೇ ಬರುತ್ತದೆ. ಎತ್ತರ ಮಾತ್ರ 4.8 ಪಟ್ಟು ಹಿಗ್ಗಿದ ಪೆಟ್ಟಿಗೆಯಲ್ಲಿ ಲಂಬ ಲಂಬವಾಗಿ ಉಳಿಯುವುದಿಲ್ಲ. ಸರಿಯಾಗಿ ಲೆಕ್ಕ ಹಾಕಿದ ಬಾಣವೂ ಓರೆಯಾಗಿ ಕಾಣುತ್ತದೆ. ಮಕ್ಕಳು "ಮೇಡಂ, ಇದು 90 ಡಿಗ್ರಿ ಇಲ್ವಲ್ಲ" ಎಂದರೆ ಅವರು ಹೇಳುವುದೇ ಸರಿ. ಲಂಬ ಬಾಣ ತೋರಿಸುವ ಚಿತ್ರಕ್ಕೆ ಮೂರೂ ಅಕ್ಷ ಒಂದೇ ಪ್ರಮಾಣದಲ್ಲಿರಲಿ. ಬೆಟ್ಟ ಪೂರ್ತಿ ಬೇಡ, ತುದಿಯ ಸುತ್ತಲಿನ ಒಂದು ಕಿಲೋಮೀಟರ್ ತುಂಡು ಸಾಕು. ಅಲ್ಲಿ ಇಳಿಜಾರು ಕಡಿದಾಗಿರುವುದರಿಂದ ಹಿಗ್ಗಿಸದೆಯೂ ಬೆಟ್ಟದ ಹಾಗೇ ಕಾಣುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ 3ಡಿಗೆ 'ಸೆಟ್ ಆಸ್ಪೆಕ್ಟ್ ಈಕ್ವಲ್' 3.6ನೇ ಆವೃತ್ತಿಯಿಂದ ಕೆಲಸ ಮಾಡುತ್ತದೆ. ಅದಕ್ಕಿಂತ ಹಳೆಯದಾದರೆ 'ಸೆಟ್ ಬಾಕ್ಸ್ ಆಸ್ಪೆಕ್ಟ್' ಬಳಸಿ. ತಳದ ಕಾಂಟೂರ್ ಗೆರೆ ಮತ್ತು ತಳದಲ್ಲೇ ಬಿಡಿಸಿದ ಗ್ರೇಡಿಯಂಟ್ ಬಾಣಗಳ ಲಂಬಕ್ಕೆ ಎತ್ತರ ಹಿಗ್ಗಿದರೂ ತೊಂದರೆ ಇಲ್ಲ. ಎಕ್ಸ್ ಮತ್ತು ವೈ ಒಂದೇ ಪ್ರಮಾಣದಲ್ಲಿದ್ದರೆ ಸಾಕು.

ಒಂದೇ ಪ್ರಮಾಣ ಎಂದೆ. ಅಕ್ಷಾಂಶ, ರೇಖಾಂಶ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಇಟ್ಟುಕೊಂಡು ಇದು ಆಗದು. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಉತ್ತರ ದಕ್ಷಿಣಕ್ಕೆ ಸುಮಾರು 111 ಕಿಲೋಮೀಟರ್, ಪೂರ್ವ ಪಶ್ಚಿಮಕ್ಕೆ ಸುಮಾರು 108. ಬೆಟ್ಟ, ದಾರಿ, ಮಳೆಮಾಪಕ ಮೂರನ್ನೂ ಮೊದಲು ಯುಟಿಎಂ (ಜಾಗವನ್ನು ಮೀಟರಿನಲ್ಲಿ ಹೇಳುವ ನಕ್ಷೆಯ ಪದ್ಧತಿ) 43 ಉತ್ತರ ವಲಯದ ಮೀಟರುಗಳಿಗೆ ಬದಲಾಯಿಸಿ. ಎಲ್ಲವೂ ಒಂದೇ ಅಳತೆಗೆ ಬಂದ ಮೇಲೆ ಚಿತ್ರ ಸೇರಿಸುವುದು ದೊಡ್ಡ ವಿಷಯ ಅಲ್ಲ.

ಬಣ್ಣದ್ದು ಚಿಕ್ಕ ವಿಷಯ. ಮ್ಯಾಟ್‌ಪ್ಲಾಟ್‌ಲಿಬ್‌ನ 3ಡಿ ಚುಕ್ಕೆಗಳಲ್ಲಿ 'ಡೆಪ್ತ್‌ಶೇಡ್' ಎಂಬುದು ಮೊದಲಿನಿಂದಲೇ ಆನ್ ಇರುತ್ತದೆ. ದೂರದ ಚುಕ್ಕೆಯನ್ನು ಅದೇ ಮಸುಕು ಮಾಡುತ್ತದೆ. ನಿಮ್ಮಲ್ಲಿ ಬಣ್ಣ ಮಳೆಯ ಪ್ರಮಾಣ ಹೇಳುತ್ತದಲ್ವಾ? ಹಾಗಾದರೆ ಅದನ್ನು ಫಾಲ್ಸ್ ಮಾಡಲೇಬೇಕು. ಇಲ್ಲದಿದ್ದರೆ ದೂರದ ಎಸ್ಟೇಟಿನಲ್ಲಿ ಮಳೆ ಕಡಿಮೆ ಎಂದು ಓದಿಕೊಳ್ಳುತ್ತಾರೆ. ಮುಂದೆ ಆಕ್ಟೇವ್ ಅಥವಾ ಮ್ಯಾಟ್‌ಲ್ಯಾಬ್‌ಗೆ ಹೋದರೆ ಅಲ್ಲಿ ಬೇರೆ ತೊಂದರೆ: ಒಂದು ಚಿತ್ರಕ್ಕೆ ಒಂದೇ ಬಣ್ಣದ ಅಳತೆಪಟ್ಟಿ. ಎತ್ತರದ ಮೀಟರ್, ಮಳೆಯ ಮಿಲಿಮೀಟರ್ ಎರಡನ್ನೂ ಅದು ಒಂದೇ ಪಟ್ಟಿಗೆ ಹಾಕುತ್ತದೆ. ಮೇಲ್ಮೈಯನ್ನು ಬೂದು ಬಣ್ಣದಲ್ಲಿ ಬಿಟ್ಟು ಚುಕ್ಕೆಗಳಿಗೆ ಮಾತ್ರ ಬಣ್ಣ ಕೊಡುವುದು ನನಗೆ ಇಷ್ಟದ ಪರಿಹಾರ. ಎತ್ತರ ಹೇಗೂ ಆಕಾರದಲ್ಲೇ ಕಾಣುತ್ತದೆ.

ಪಾರದರ್ಶಕ ಮಾಡುವ ಸಲಹೆ ನನಗೆ ಒಪ್ಪಿಗೆ ಇಲ್ಲ. ಮುಚ್ಚಿಹೋದ ದಾರಿ ಕಾಣುತ್ತದೆ, ನಿಜ. ಆದರೆ ಅದು ಬೆಟ್ಟದ ಮುಂದಿದೆಯೋ, ಹಿಂದಿದೆಯೋ, ಒಳಗಿದೆಯೋ ಗೊತ್ತಾಗುವುದಿಲ್ಲ. ನಿಮ್ಮ ಎಂಬತ್ತು ಮೀಟರಿನ ತಪ್ಪು ಹಾಗೇ ಮುಚ್ಚಿಹೋಗುತ್ತಿತ್ತು. ಆಳದ ಲೆಕ್ಕದ ಸಾಫ್ಟ್‌ವೇರುಗಳಲ್ಲೂ ಪಾರದರ್ಶಕ ತುಂಡುಗಳನ್ನು ದೂರದಿಂದ ಹತ್ತಿರಕ್ಕೆ ಜೋಡಿಸಲೇಬೇಕು, ಇಲ್ಲದಿದ್ದರೆ ತಿರುಗಿಸಿದ ಹಾಗೆ ಬಣ್ಣ ಬದಲಾಗುತ್ತದೆ. ಪೈವಿಸ್ಟಾದಲ್ಲಿ ಅದಕ್ಕೆ 'ಡೆಪ್ತ್ ಪೀಲಿಂಗ್' ಎಂಬ ಸೌಲಭ್ಯ ಇದೆ, ಹಳೇ ಯಂತ್ರಕ್ಕೆ ಅದು ಭಾರ.

ಮ್ಯಾಥಮ್ಯಾಟಿಕಾದ ಬಗ್ಗೆ ಕೇಳಿದಿರಿ. 'ಶೋ' ಆಜ್ಞೆ ಪೆಟ್ಟಿಗೆಯ ಪ್ರಮಾಣ, ವ್ಯಾಪ್ತಿ ಎಲ್ಲವನ್ನೂ ಮೊದಲು ಕೊಟ್ಟ ಚಿತ್ರದಿಂದ ತೆಗೆದುಕೊಳ್ಳುತ್ತದೆ. ದಾರಿಯನ್ನು ಮೊದಲು ಕೊಟ್ಟರೆ ಒಂದು ಆಕಾರ, ಬೆಟ್ಟವನ್ನು ಮೊದಲು ಕೊಟ್ಟರೆ ಇನ್ನೊಂದು. ಕ್ರಮವನ್ನು ನಂಬದೆ 'ಪ್ಲಾಟ್‌ರೇಂಜ್ ಆಲ್' ಮತ್ತು 'ಬಾಕ್ಸ್‌ರೇಷಿಯೋಸ್' ಎರಡನ್ನೂ 'ಶೋ' ಒಳಗೇ ಬರೆದುಬಿಡಿ. ಕಾಂಟೂರ್ ಚಿತ್ರ ಸೇರದೇ ಇದ್ದದ್ದಕ್ಕೆ ಕಾರಣ, ಅದು ಎರಡು ಆಯಾಮದ ವಸ್ತು. ಕಾಂಟೂರ್ ಗೆರೆ ಬೆಟ್ಟದ ಮೇಲೇ ಬೇಕಾದರೆ 'ಮೆಶ್‌ಫಂಕ್ಷನ್ಸ್'ನಲ್ಲಿ ಎತ್ತರವನ್ನು ಕೊಡಿ, ಬೇರೆ ಚಿತ್ರ ಸೇರಿಸುವ ಅಗತ್ಯವೇ ಇಲ್ಲ. ತಳದಲ್ಲೇ ಬೇಕಾದರೆ ತಳಕ್ಕೊಂದು ಚೌಕ ಹಾಸಿ, ಕಾಂಟೂರ್ ಚಿತ್ರವನ್ನು ಅದರ ಮೇಲೆ 'ಟೆಕ್ಸ್‌ಚರ್' ಆಗಿ ಅಂಟಿಸಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದು ಸುಲಭ: ಕಾಂಟೂರ್ ಆಜ್ಞೆಗೆ 'ಜೆಡ್‌ಡಿರ್' ಮತ್ತು 'ಆಫ್‌ಸೆಟ್' ಕೊಟ್ಟರೆ ತಳಕ್ಕೆ ಹೋಗಿ ಕೂರುತ್ತದೆ.

ಇನ್ನು ನಿಮ್ಮ ಲ್ಯಾಬಿಗೆ ಯಾವುದು ಸರಿ? ತರಗತಿಯಲ್ಲಿ ತಿರುಗಿಸಿ ತೋರಿಸಲು ಪ್ಲಾಟ್ಲಿಯನ್ನೇ ಮುಂದುವರಿಸಿ. ಬ್ರೌಸರ್ ಸಾಕು, ಸಾಮಾನ್ಯ ಕಂಪ್ಯೂಟರಿನಲ್ಲೂ ಓಡುತ್ತದೆ. 200 ಗುಣಿಸು 200 ಬಿಂದುಗಳ ಬೆಟ್ಟ ಅದಕ್ಕೆ ಭಾರವಲ್ಲ. ಅಕ್ಷಗಳ ಪ್ರಮಾಣ ಹೇಳುವ 'ಆಸ್ಪೆಕ್ಟ್‌ಮೋಡ್' ಅನ್ನು ನೀವೇ ಬರೆಯಿರಿ, ಅದರ ಆಯ್ಕೆಗೆ ಬಿಡಬೇಡಿ. ಎಚ್‌ಟಿಎಂಎಲ್ ಆಗಿ ಉಳಿಸಿದರೆ ಇಂಟರ್ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತದೆ, ಮಕ್ಕಳ ಫೋನಿಗೂ ಕಳಿಸಬಹುದು. ಜಿಯಾಯ್ಡ್ ತಿದ್ದಿದ ಮೇಲೂ ದಾರಿ ಅಲ್ಲಲ್ಲಿ ನೆಲದೊಳಗೆ ಇಣುಕಿ ಇಣುಕಿ ಹೋಗುತ್ತದೆ. ಆಗ ಎರಡು ಆಯ್ಕೆ. ಫೋನಿನ ಎತ್ತರ ಬಿಟ್ಟು ಮೇಲ್ಮೈಯಿಂದಲೇ ಇಂಟರ್‌ಪೊಲೇಟ್ ಮಾಡಿದ ಎತ್ತರವನ್ನು ದಾರಿಗೆ ಕೊಟ್ಟು, ಹತ್ತು ಮೀಟರ್ ಮೇಲಕ್ಕೆತ್ತಿ. ಸರಿಯಾಗಿ ಮೇಲ್ಮೈಯ ಮೇಲೇ ಇಟ್ಟರೆ ಎರಡರ ಆಳವೂ ಒಂದೇ ಆಗಿ ಗೆರೆ ಚುಕ್ಕೆ ಚುಕ್ಕೆಯಾಗಿ ಮಿನುಗುತ್ತದೆ, ಅದಕ್ಕೇ ಎತ್ತುವುದು. ಚಿತ್ರ ಅಂದವಾಗಿರುತ್ತದೆ, ಆದರೆ ಅದು ಈಗ ನೀವು ಅಳೆದ ಎತ್ತರ ಅಲ್ಲ. ಅದನ್ನು ಚಿತ್ರದ ಕೆಳಗೆ ಹೇಳಬೇಕು. ಇಲ್ಲವೇ ಅಳೆದದ್ದನ್ನೇ ಇಟ್ಟು, ಅಲ್ಲಲ್ಲಿ ಮುಳುಗುವುದನ್ನು ಹಾಗೇ ತೋರಿಸಿ. ಅಳತೆಯ ದೋಷದ ಬಗ್ಗೆ ಪಾಠ ಮಾಡಲು ಅದಕ್ಕಿಂತ ಒಳ್ಳೆಯ ಚಿತ್ರ ಸಿಗುವುದಿಲ್ಲ. ನಾನಾದರೆ ಮೊದಲು ಎರಡನೆಯದನ್ನು ತೋರಿಸಿ ಆಮೇಲೆ ಮೊದಲನೆಯದನ್ನು ತೋರಿಸುತ್ತೇನೆ.

ಪೈವಿಸ್ಟಾ ಇದಕ್ಕಿಂತ ಚೆಂದ ಬಿಡಿಸುತ್ತದೆ. ದಾರಿಯನ್ನು ಗೆರೆಯ ಬದಲು ಕೊಳವೆಯಾಗಿ ಮಾಡಬಹುದು, ಮಿನುಗುವ ತೊಂದರೆ ಬಹುಪಾಲು ಹೋಗುತ್ತದೆ. ಆದರೆ ಹಳೇ ಕಂಪ್ಯೂಟರುಗಳಲ್ಲಿ ಅದಕ್ಕೆ ಬೇಕಾದ ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಡ್ರೈವರ್ ಕೈಕೊಡುವುದನ್ನು ನೋಡಿದ್ದೇನೆ. ಒಂದು ಯಂತ್ರದಲ್ಲಿ ಹಾಕಿ ನೋಡಿದ ಮೇಲೆ ಇಡೀ ಲ್ಯಾಬಿಗೆ ಹಾಕಿ.

ನೋಟ್ಸಿನಲ್ಲಿ ಅಚ್ಚು ಹಾಕಲು ಮ್ಯಾಟ್‌ಪ್ಲಾಟ್‌ಲಿಬ್ ಸಾಕು, ನೋಡುವ ಕೋನ ಒಂದೇ ಇರುತ್ತದಲ್ಲ. ಆ ಕೋನಕ್ಕೆ ದಾರಿಯ ಪ್ರತಿ ಬಿಂದುವಿನಿಂದ ಕಣ್ಣಿನ ಕಡೆಗೆ ಒಂದು ರೇಖೆ ಎಳೆದು, ಅದರ ಮಧ್ಯೆ ಎಲ್ಲಾದರೂ ಬೆಟ್ಟ ಅಡ್ಡ ಬರುತ್ತದಾ ಎಂದು ಪರೀಕ್ಷಿಸಿ. ಅಡ್ಡ ಬಂದರೆ ಆ ತುಂಡು ಮರೆಯಲ್ಲಿದೆ. ಕಾಣುವ ತುಂಡುಗಳನ್ನು ದಪ್ಪ ಗೆರೆಯಾಗಿ, ಮರೆಯಾದವನ್ನು ತುಂಡು ಗೆರೆಯಾಗಿ ಬಿಡಿಸಿ, ಎರಡಕ್ಕೂ ಮೇಲ್ಮೈಗಿಂತ ಜಾಸ್ತಿ ಜೆಡ್‌ಆರ್ಡರ್ ಕೊಡಿ. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಮರೆಯಾದ ಅಂಚನ್ನು ತೋರಿಸುವ ರೀತಿಯೂ ಇದೇ. ಈ ಪರೀಕ್ಷೆಯ ಪ್ರೋಗ್ರಾಂ ಬರೆಯುವುದು ಬಿಎಸ್ಸಿ ಮಕ್ಕಳಿಗೆ ಒಳ್ಳೆಯ ಪ್ರಾಜೆಕ್ಟ್: ಮೂರು ಆಯಾಮದ ರೇಖೆಯ ಸಮೀಕರಣ, ಮೇಲ್ಮೈ, ಛೇದನ ಎಲ್ಲ ಅದರಲ್ಲೇ ಬರುತ್ತದೆ. ಕೋನ ಬದಲಾಯಿಸಿದರೆ ಮಾತ್ರ ಮತ್ತೆ ಲೆಕ್ಕ ಹಾಕಬೇಕು. ಪಿಡಿಎಫ್ ಮಾಡುವಾಗ ಮೇಲ್ಮೈಗೆ 'ರಾಸ್ಟರೈಸ್ಡ್' ಟ್ರೂ ಕೊಡಿ. ಇಲ್ಲದಿದ್ದರೆ ಸುಮಾರು ನಲವತ್ತು ಸಾವಿರ ತುಂಡುಗಳು ಕಡತದೊಳಗೆ ಹೋಗಿ ಪ್ರಿಂಟರ್ ನಿಂತುಬಿಡುತ್ತದೆ.

ಕೆಲವು ವಿಷಯಕ್ಕೆ 3ಡಿ ಬೇಡವೇ ಬೇಡ ಎಂಬುದೂ ನನ್ನ ಖಚಿತ ಅಭಿಪ್ರಾಯ. ಮಳೆಮಾಪಕಗಳ ಅಂಕಿಯನ್ನು 3ಡಿ ಚಿತ್ರದಲ್ಲಿ ಓದಲು ಯಾರಿಗೂ ಆಗುವುದಿಲ್ಲ. ಯಾವ ಚುಕ್ಕೆ ಯಾವ ಎತ್ತರದಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ಅವನ್ನು ಕಾಂಟೂರ್ ನಕ್ಷೆಯ ಮೇಲೆ ಹಾಕಿ. ದಾರಿಯ ಏರಿಳಿತಕ್ಕೆ ನಡೆದ ದೂರ ಒಂದು ಅಕ್ಷ, ಎತ್ತರ ಇನ್ನೊಂದು ಅಕ್ಷ, ಅಷ್ಟೇ ಇರುವ ಸರಳ ಗ್ರಾಫ್ ಮಾಡಿ. ಅದೇ ಗ್ರಾಫಿನಲ್ಲಿ ಫೋನಿನ ಎತ್ತರ, ಎಸ್‌ಆರ್‌ಟಿಎಂ ಎತ್ತರ ಎರಡನ್ನೂ ಬಿಡಿಸಿದರೆ ಜಿಯಾಯ್ಡ್‌ನ ವ್ಯತ್ಯಾಸ ಎರಡು ಸಮಾನಾಂತರ ಗೆರೆಗಳಾಗಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಆ ಎರಡು ಗೆರೆಗಳು ಸಮಾನಾಂತರವಾಗಿ ಬರದಿದ್ದರೆ, ವ್ಯತ್ಯಾಸದ ಆ ಕಾಲಂ ಮತ್ತು ಜಿಪಿಎಕ್ಸ್ ಕಡತ ಎರಡನ್ನೂ ನನಗೆ ಕಳಿಸಿ. ಯಾವ ಆ್ಯಪ್‌ನಲ್ಲಿ ದಾಖಲಿಸಿದಿರಿ ಎಂಬುದನ್ನೂ ಬರೆಯಿರಿ.